ಮೇಲಿನಿಂದ ನೀರು ಹಾಕಬೇಡ

೧೨ ಜನವರಿ ೧೯೯೩

ಬುಡ್ಡಿ,

ಲಕೋಟೆಯೊಳಗೆ ಮಡಚಿದ ಕಾಗದದ ಒಂದು ಪೊಟ್ಟಣವಿದೆ. ಈ ಪತ್ರ ಓದಿ ಮುಗಿಸುವವರೆಗೆ ಅದನ್ನು ಬಿಚ್ಚಬೇಡ, ಅದರ ಹತ್ತಿರ ಸೀನಬೇಡ. ಒಳಗಿರುವುದು ನಶ್ಯದಂಥ ಕಂದು ಪುಡಿ. ಮುದುಕಿಯಿಂದ ಉಳಿದದ್ದು ಇಷ್ಟೇ.

ಮುದುಕಿ ಎಂದರೆ ನಮ್ಮ ತೋಟದ ಗಾಜಿನ ಮನೆಯಲ್ಲಿದ್ದ ದೊಡ್ಡ ಜರಿಗಿಡ. ಮೈಮೇಲಿನ ಬಿಳಿ ಕೂದಲಿಂದಾಗಿ ಅವಳಿಗೆ ಆ ಹೆಸರು. ಬೇರೆ ಯಾವ ತೋಟದಲ್ಲೂ ಅವಳಿಲ್ಲ. ಅವಳನ್ನು ತಂದ ಕಾಡನ್ನು ಕಡಿದು ಎಷ್ಟೋ ಕಾಲವಾಯಿತು. ಹೋದ ಚಳಿಗಾಲದಲ್ಲಿ, ಒಳಗೆ ಬೆಚ್ಚಗಿಡುವ ಬಾಯ್ಲರ್ ಆರಿಹೋಗಿ ಸತ್ತಳು. ಆಮೇಲೆ ಗಾಜಿನ ಮನೆಗೆ ಬೀಗ ಹಾಕಿದರು, ನನ್ನ ಕೊರಳಿಗೆ ಹಾರ ಹಾಕಿ ನಿವೃತ್ತಿ ಮಾಡಿದರು. ಈಗಿರುವ ಕೋಣೆಗೆ ಒಂದೇ ಕಿಟಕಿ, ಅದರಲ್ಲಿ ದಿನವಿಡೀ ಸುಡುವ ಬಿಸಿಲು. ನಿನ್ನ ಬಚ್ಚಲುಮನೆಯ ಕಿಟಕಿ ಉತ್ತರಕ್ಕಿದೆ, ಬಟ್ಟೆ ಒಣಗುವುದಿಲ್ಲ ಎಂದು ಹಿಂದೊಮ್ಮೆ ಪತ್ರದಲ್ಲಿ ಗೋಳಾಡಿದ್ದೆ. ಜರಿಗಿಡಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಅಗಲ ಬಾಯಿಯ ಒಂದು ಮಣ್ಣಿನ ಕುಂಡ ತಂದುಕೋ. ಅದರಲ್ಲಿ ಹಗುರ ಮಣ್ಣು ತುಂಬಿ, ಕುದಿಯುವ ನೀರು ಸುರಿದು, ಆರಲು ಬಿಡು. ಪೊಟ್ಟಣದ ಪುಡಿಯನ್ನು ಕಾಗದದ ಅಂಚಿನಿಂದ ಮೆಲ್ಲಗೆ ತಟ್ಟಿ ಉದುರಿಸು, ಮೇಲೆ ಮಣ್ಣು ಮುಚ್ಚಬೇಡ. ಇದು ಬೀಜವಲ್ಲ. ಬೀಜದೊಳಗೆ ಮರಿಯೂ ಇರುತ್ತದೆ, ಬುತ್ತಿಯೂ ಇರುತ್ತದೆ. ಈ ಪುಡಿಯ ಕಣಕ್ಕೆ ಎರಡೂ ಇಲ್ಲ, ಬರಿಗೈಯಲ್ಲಿ ಹೊರಟದ್ದು. ಕುಂಡದ ಬಾಯಿಗೆ ಗಾಜು ಮುಚ್ಚು. ಕುಂಡವನ್ನು ನೀರಿನ ತಟ್ಟೆಯಲ್ಲಿಡು, ಕೆಳಗಿನಿಂದ ಕುಡಿದುಕೊಳ್ಳಲಿ. ಮೇಲಿನಿಂದ ನೀರು ಹಾಕಬೇಡ. ಗಾಜಿಗೆ ಕಟ್ಟಿದ ಹನಿಯೂ ಒಳಗೆ ಬೀಳಬಾರದು, ಬಿದ್ದರೆ ಪುಡಿಯೆಲ್ಲ ಒಂದೆಡೆ ಗುಡ್ಡೆಯಾಗುತ್ತದೆ. ಹಸಿರು ಕಂಡರೆ ಬರಿ.

ನಿನ್ನ ಹೊಟ್ಟೆಯ ಗಾಯ ಮಾದಿರಬೇಕು.

ಅಕ್ಕ


೨೩ ಜನವರಿ ೧೯೯೩

ಅಕ್ಕಾ,

ಮಾದಿದೆ. ಕೇಳಿದ್ದಕ್ಕೆ ಸಂತೋಷ. ಬೇಸಿಗೆಯಿಂದ ಒಂದಕ್ಷರ ಬರೆದಿರಲಿಲ್ಲ. ಅಂಚೆಯವನು ನಿನ್ನ ಕೈಬರಹದ ದಪ್ಪ ಲಕೋಟೆ ಕೊಟ್ಟಾಗ, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದರೂ ಒಳಗೆ ಹೋಗಿ ಬಿಚ್ಚಿದೆ. ಇಡೀ ಪತ್ರ ಜರಿಗಿಡಕ್ಕೆ, ಕೊನೆಯ ಒಂದು ಸಾಲು ನನ್ನ ಹೊಟ್ಟೆಗೆ.

ಬೇಸರದಲ್ಲಿ ಬರೆಯುತ್ತಿದ್ದೇನೆ, ಆದರೂ ಬರೆಯುತ್ತೇನೆ. ನನ್ನವರು ಹೋದಾಗ ನೀನು ಬರಲಿಲ್ಲ. ಚಳಿ ಜಾಸ್ತಿ ಇದೆ, ಗಾಜಿನ ಮನೆ ಬಿಟ್ಟು ಬರಲಾಗದು ಎಂದು ತಂತಿ ಕಳಿಸಿದೆ. ಆ ತಂತಿಯನ್ನು ಓದಿ ಹೇಳಿದವರು ಪಕ್ಕದ ಮನೆಯವರು. ಅವರಿಗೆ ನಿನ್ನ ಪರವಾಗಿ ಸಮಜಾಯಿಷಿ ಹೇಳಬೇಕಾದವಳು ನಾನು. ಹೋದ ವರ್ಷ ನನ್ನ ಹೊಟ್ಟೆ ಕೊಯ್ದಾಗ ಬಂದೆ ನಿಜ. ಆದರೆ ಆಸ್ಪತ್ರೆಯಲ್ಲಿ ಹಾಸಿಗೆ ಪಕ್ಕ ಕೂತು ನೀನು ನೋಡುತ್ತಿದ್ದದ್ದು ಕಿಟಕಿಯ ಹೊರಗೆ. ಅರೆ ಎಚ್ಚರದಲ್ಲಿ ನಾನು ಕೇಳಿದ ಮೊದಲ ಮಾತು, ನೀನು ನರ್ಸನ್ನು "ಹೊರಗೆ ಎಷ್ಟು ಡಿಗ್ರಿ ಇದೆ" ಎಂದು ಕೇಳಿದ್ದು. ನಿನಗೆ ಯಾವಾಗಲೂ ಗಿಡ ಮೊದಲು, ಮಿಕ್ಕವರು ಆಮೇಲೆ. ಈಗಲೂ ನನ್ನ ಬಚ್ಚಲುಮನೆ ನೆನಪಿದೆಯೇ ಹೊರತು ನಾನಲ್ಲ.

ಪುಡಿಯನ್ನು ಹಾಗೇ ಇಟ್ಟಿದ್ದೇನೆ. ಬಿತ್ತುವುದೋ ಬಿಡುವುದೋ ಯೋಚಿಸುತ್ತೇನೆ.

ತಂಗಿ


೨ ಫೆಬ್ರವರಿ ೧೯೯೩

ಬುಡ್ಡಿ,

ಹೇಳಬಾರದು ಎಂದುಕೊಂಡಿದ್ದೆ. ನೀನು ಹೇಳಿಸುತ್ತಿದ್ದೀಯ.

ಬಾಯ್ಲರ್ ಆರಿದ್ದು ನಾನು ನಿನ್ನ ಹತ್ತಿರ ಇದ್ದ ವಾರದಲ್ಲಿ. ಅದಕ್ಕೊಂದು ಗುರುಗುರು ಸದ್ದಿತ್ತು. ಅದು ನಿಂತರೆ ನನಗೆ ನಿದ್ದೆಯಲ್ಲೂ ಎಚ್ಚರವಾಗುತ್ತಿತ್ತು, ಅದಕ್ಕೇ ತೋಟದೊಳಗೇ ಮನೆ ಕೊಟ್ಟಿದ್ದರು. ನನ್ನ ಬದಲಿಗೆ ಬಂದವರಿಗೆ ಆ ಸದ್ದು ಕಿರಿಕಿರಿ, ನಿಂತದ್ದಕ್ಕೆ ಒಳ್ಳೆಯದೇ ಆಯಿತು ಎಂದು ಮಲಗಿದರಂತೆ. ನಾನು ಮರಳಿ ಬಂದಾಗ ಮುದುಕಿಯ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿದ್ದವು. ಉದುರಿದ ಎಲೆಯನ್ನು ಕಾಗದದ ಮೇಲೆ ಹರಡಿ, ಅದು ಉದುರಿಸಿದ ಪುಡಿಯನ್ನು ಎತ್ತಿಟ್ಟೆ.

ನಾನು ಬಂದದ್ದಕ್ಕೆ ಹೀಗಾಯಿತು ಎಂದು ಹೇಳುತ್ತಿಲ್ಲ. ನಿನ್ನನ್ನು ನೋಡಲು ಬಂದದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ಆದರೆ ಗಿಡ ಮೊದಲು ಎನ್ನಬೇಡ. ಅದೊಂದನ್ನು ಮಾತ್ರ ಕೇಳಿಕೊಂಡು ಸುಮ್ಮನಿರಲಾರೆ.

ಬಿತ್ತುವುದು ಬಿಡುವುದು ನಿನಗೆ ಬಿಟ್ಟದ್ದು.

ಅಕ್ಕ


೧೧ ಫೆಬ್ರವರಿ ೧೯೯೩

ಅಕ್ಕಾ,

ನಿನ್ನ ಪತ್ರ ಓದಿ ಮಸೂರ ಉಜ್ಜುವ ಯಂತ್ರದ ಮುಂದೆ ಕೂತು ಅತ್ತೆ. ಕನ್ನಡಕ ಮಾಡಿಸಲು ಬಂದ ಮುದುಕರೊಬ್ಬರು, ಪಾಪ, ತಮ್ಮ ಕಣ್ಣಿನ ಸ್ಥಿತಿ ಇಷ್ಟು ಕೆಟ್ಟಿದೆಯೇ ಎಂದು ಗಾಬರಿಯಾದರು.

ನಿನ್ನೆ ಬಿತ್ತಿದೆ. ಎಲ್ಲವನ್ನೂ ನೀನು ಹೇಳಿದ ಹಾಗೇ ಮಾಡಿದ್ದೇನೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕುಂಡದ ಬಾಯಿಗೆ ಸರಿಹೊಂದುವಂತೆ ಗಾಜನ್ನು ನಾನೇ ಕೊಯ್ದು ಅಂಚು ಉಜ್ಜಿದೆ. ಇನ್ನು ಬಚ್ಚಲುಮನೆಯಲ್ಲಿ ಬಿಸಿನೀರು ಸುರಿದುಕೊಳ್ಳುವಾಗಲೂ ಕಿಟಕಿಯ ಕಡೆ ಬೆನ್ನು ಮಾಡಿ ನಿಲ್ಲುತ್ತೇನೆ.

ನನ್ನ ಮೇಲೆ ಕೋಪವಿದ್ದರೆ ಬಿಟ್ಟುಬಿಡು.

ತಂಗಿ


೨೫ ಏಪ್ರಿಲ್ ೧೯೯೩

ಅಕ್ಕಾ,

ಈ ಪತ್ರವನ್ನು ನಾನು ಅಂಚೆಗೆ ಹಾಕುವುದಿಲ್ಲ. ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಬಂದಿದೆ. ಮೊದಲು ಮಣ್ಣಿನ ಮೇಲೆ ಹಸಿರು ಧೂಳು ಬಿದ್ದ ಹಾಗಿತ್ತು, ಪಾಚಿ ಕಟ್ಟಿತು ಎಂದು ಹೆದರಿದ್ದೆ. ಇವತ್ತು ಅಂಗಡಿಯಿಂದ ಭೂತಗನ್ನಡಿ ತಂದು ನೋಡಿದೆ. ಪಾಚಿಯಲ್ಲ. ಚಪ್ಪಟೆಯಾದ ಸಣ್ಣ ಸಣ್ಣ ಹಸಿರು ಚೂರುಗಳು, ಒಂದೊಂದೂ ಹೃದಯದ ಆಕಾರ, ಕಿರುಬೆರಳಿನ ಉಗುರಿಗಿಂತ ಚಿಕ್ಕವು. ಜರಿಗಿಡದ ಹೋಲಿಕೆ ಒಂದಿಷ್ಟೂ ಇಲ್ಲ. ಕಾಂಡವಿಲ್ಲ, ಸುರುಳಿಯಿಲ್ಲ, ಮಣ್ಣಿಗೆ ಮೈ ಅಂಟಿಸಿಕೊಂಡು ಮಲಗಿವೆ. ಇವೇ ದೊಡ್ಡದಾಗುತ್ತಾ ಎಲೆ ಬಿಡುತ್ತವೆ ಎಂದುಕೊಂಡಿದ್ದೇನೆ.

ಹಸಿರು ಕಂಡರೆ ಬರಿ ಎಂದಿದ್ದೆ. ಬರೆಯುವುದಿಲ್ಲ. ಉಗುರಿನಷ್ಟು ಚೂರನ್ನು ತೋರಿಸಿ ಏನು ಮಾಡಲಿ? ನನ್ನಿಂದ ಹೋದದ್ದು ಇಡೀ ಮುದುಕಿ. ಸುರುಳಿ ಬಿಚ್ಚಿ ಎಲೆಯಾದ ಮೇಲೆ, ಆ ಎಲೆಯನ್ನೇ ಲಕೋಟೆಯಲ್ಲಿಟ್ಟು ಕಳಿಸುತ್ತೇನೆ. ಒಂದು ಮಾತೂ ಬರೆಯುವುದಿಲ್ಲ. ನೀನು ಬಿಚ್ಚಿ ನೋಡಬೇಕು, ಅಷ್ಟೇ.

ಗಾಜಿಗೆ ದಿನವೂ ಹನಿ ಕಟ್ಟುತ್ತದೆ. ಅಂಗಡಿಯ ಮೆತ್ತನೆ ಬಟ್ಟೆಯಿಂದ ಬೆಳಗ್ಗೆ ಸಂಜೆ ಒರೆಸುತ್ತೇನೆ, ಒಂದು ಹನಿಯೂ ಒಳಗೆ ಬಿದ್ದಿಲ್ಲ. ಮಬ್ಬಾದ ಗಾಜು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ ಎಂದು ನಿನಗೆ ಗೊತ್ತಲ್ಲ.


೧೦ ಜೂನ್ ೧೯೯೩

ಬುಡ್ಡಿ,

ಹಸಿರು ಬಂತೇ? ಇಷ್ಟು ಹೊತ್ತಿಗೆ ಕಾಣಬೇಕಿತ್ತು. ಕಾಣದಿದ್ದರೂ ಎರಡು ಸಾಲು ಬರಿ. ಅಂಚೆಯವರು ನನ್ನ ಬಾಗಿಲು ದಾಟಿ ಹೋಗುವಾಗ ಸೈಕಲ್ ನಿಧಾನ ಮಾಡುತ್ತಾರೆ, ನನ್ನ ಮುಖ ನೋಡಿ ಅವರಿಗೇ ಕನಿಕರ ಬಂದಿರಬೇಕು.

ಅಕ್ಕ


೧೮ ಜೂನ್ ೧೯೯೩

ಅಕ್ಕಾ,

ಇನ್ನೂ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ನೀನು ಹೇಳಿದ ಯಾವುದನ್ನೂ ತಪ್ಪಿಸಿಲ್ಲ. ಮಳೆಗಾಲ ಶುರುವಾಗಿದೆ, ಅಂಗಡಿಗೆ ಬರುವವರೆಲ್ಲ ಮಂಜಾದ ಕನ್ನಡಕ ಹಿಡಿದು ಬರುತ್ತಾರೆ. ಗಿಡದ ಚಿಂತೆ ಬಿಡು, ನಿನ್ನ ಆರೋಗ್ಯ ನೋಡಿಕೋ.

ತಂಗಿ


೩೦ ಜೂನ್ ೧೯೯೩

ಬುಡ್ಡಿ,

ಬಿಡು. ಹೀಗಾಗಬಹುದು ಎಂದು ನನಗೆ ಗೊತ್ತಿತ್ತು. ಎಲೆಗೆ ಹಿಮ ತಾಗಿದಾಗ ಪುಡಿಗೂ ತಾಗಿರುತ್ತದೆ. ಪುಡಿ ಬಲಿಯುವ ಮುಂಚೆಯೇ ಸತ್ತಿದ್ದರೆ ನೀನೇನು ಮಾಡುತ್ತೀಯ, ನಾನೇನು ಮಾಡಲಿ. ಕುಂಡವನ್ನು ಒಮ್ಮೆಗೇ ಎಸೆಯಬೇಡ. ಆದರೆ ಕಾಯುತ್ತಲೂ ಕೂರಬೇಡ. ಇನ್ನು ಮೇಲೆ ಇದರ ವಿಷಯ ನಿನ್ನನ್ನು ಕೇಳಿ ಕಾಡುವುದಿಲ್ಲ.

ಕೆಲಸವಿಲ್ಲದ ಕೈ, ಎಲ್ಲಿ ಇಡಬೇಕೋ ತಿಳಿಯುವುದಿಲ್ಲ. ಬೆಳಗ್ಗೆ ಹಿತ್ತಲ ಗೋಡೆಯ ಹತ್ತಿರ ಹೋಗಿ ಕೂರುತ್ತೇನೆ. ಅಲ್ಲಿ ಹಾವಸೆ ಬೆಳೆದಿದೆ. ಮನೆಯ ಒಡೆಯರು ಅದನ್ನು ಕೆರೆದು ಸುಣ್ಣ ಬಳಿಸುತ್ತೇನೆ ಎಂದರು, ನಾನು ಜಗಳವಾಡಿ ನಿಲ್ಲಿಸಿದೆ. ಮಳೆ ಬಿದ್ದ ಮೇಲೆ ಹಾವಸೆಯ ತಲೆಯಿಂದ ತೆಳ್ಳಗಿನ ಕಡ್ಡಿಗಳು ಎದ್ದಿವೆ, ಪ್ರತಿಯೊಂದರ ತುದಿಗೂ ಟೋಪಿ ಹಾಕಿದ ಸಣ್ಣ ಡಬ್ಬಿ. ಆ ಕಡ್ಡಿ ಹಾವಸೆಯ ಅಂಗವಲ್ಲ, ಅದರ ಮಗು. ತಾಯಿಯ ಮೈಮೇಲೇ ನಿಂತು, ಅವಳಿಂದಲೇ ಕುಡಿದು, ಡಬ್ಬಿಯ ಪುಡಿ ಗಾಳಿಗೆ ತೂರಿ, ಅಲ್ಲೇ ಒಣಗಿ ಹೋಗುತ್ತದೆ. ಒಂದು ದಿನವೂ ಮನೆ ಬಿಟ್ಟು ಹೋಗದ ಮಗು. ಜರಿಗಿಡದವರು ಅದಕ್ಕೆ ತದ್ವಿರುದ್ಧ, ಅಲ್ಲಿ ತಾಯಿ ಎಲ್ಲಿಯೋ, ಮಗು ಎಲ್ಲಿಯೋ.

ಗಾಜಿನ ಮನೆಯ ಮೂಲೆಯ ತೊಟ್ಟಿಯಲ್ಲಿ ಗೆಣ್ಣು ಗೆಣ್ಣಾದ ಬರೀ ಕಡ್ಡಿಯ ಗಿಡವೊಂದಿತ್ತು, ಎಲೆಯೆಂಬುದೇ ಇಲ್ಲ, ಮುಟ್ಟಿದರೆ ಮರಳುಕಾಗದ. ಅದರಿಂದ ನಾನು ಚಹಾ ಪಾತ್ರೆ ಉಜ್ಜುತ್ತಿದ್ದೆ. ಮನುಷ್ಯರು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಅದರ ಬಳಗದವರು ಮರದೆತ್ತರ ನಿಂತಿದ್ದರಂತೆ. ನೋಡಲು ಬಂದ ಮಕ್ಕಳು ಕೇಳುತ್ತಿದ್ದದ್ದು ಒಂದೇ, "ಇದ್ರಲ್ಲಿ ಹೂವು ಯಾವಾಗ ಬಿಡುತ್ತೆ?" ನಮ್ಮಲ್ಲಿ ಯಾರೂ ಹೂ ಬಿಡುವವರಲ್ಲ ಎನ್ನುತ್ತಿದ್ದೆ. ಆ ಮಕ್ಕಳ ಮುಖ ಬಾಡುತ್ತಿತ್ತು.

ಬಿಡುವಾದಾಗ ಬರಿ. ಗಿಡದ ವಿಷಯವೇ ಆಗಬೇಕೆಂದಿಲ್ಲ.

ಅಕ್ಕ


೬ ಮಾರ್ಚ್ ೧೯೯೪

ಅಕ್ಕಾ,

ಇಷ್ಟು ತಿಂಗಳಿಂದ ನಾವು ಹವಾಮಾನ, ಮೊಣಕಾಲು ನೋವು, ಅಂಗಡಿಯ ಗಿರಾಕಿಗಳ ವಿಷಯ ಬರೆದುಕೊಳ್ಳುತ್ತಾ ಬಂದಿದ್ದೇವೆ. ನೀನು ಕೊಟ್ಟ ಮಾತಿನಂತೆ ಒಮ್ಮೆಯೂ ಕುಂಡದ ವಿಷಯ ಎತ್ತಲಿಲ್ಲ. ನೀನು ಎತ್ತದಷ್ಟೂ ನನ್ನ ಎದೆ ಭಾರವಾಯಿತು. ಹೋದ ಏಪ್ರಿಲಿನಲ್ಲಿ ಬರೆದು ಕಳಿಸದೆ ಇಟ್ಟುಕೊಂಡ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಮೊದಲು ಅದನ್ನು ಓದು.

ಓದಿದೆಯಾ? ಹಸಿರು ಬಂದು ವರ್ಷವಾಗುತ್ತಾ ಬಂತು. ಹೃದಯದ ಚೂರುಗಳು ಕುಂಡದ ತುಂಬ ಹಬ್ಬಿವೆ, ಒಂದರ ಮೇಲೊಂದು ಏರಿವೆ, ಆದರೆ ಹೃದಯವಾಗಿಯೇ ಉಳಿದಿವೆ. ಒಂದಾದರೂ ಎಲೆ ಎತ್ತಲಿಲ್ಲ, ಸುರುಳಿ ಬಿಡಲಿಲ್ಲ. ಈಗ ಅಂಚು ಹಳದಿಯಾಗುತ್ತಿದೆ. ನಾನು ಮೇಲಿನಿಂದ ಒಂದು ತೊಟ್ಟು ನೀರು ಹಾಕಿಲ್ಲ, ಒಂದು ಹನಿ ಬೀಳಲು ಬಿಟ್ಟಿಲ್ಲ. ಇನ್ನೇನು ಮಾಡಬೇಕು ಹೇಳು. ಅವು ಸತ್ತರೆ ಎರಡನೇ ಸಲ ನನ್ನಿಂದಲೇ ಸತ್ತ ಹಾಗೆ.

ತಂಗಿ


೧೪ ಮಾರ್ಚ್ ೧೯೯೪

ಬುಡ್ಡಿ,

ಮೇಲಿನಿಂದ ನೀರು ಹಾಕು. ಈಗಲೇ. ಮಿಕ್ಕದ್ದನ್ನು ಆಮೇಲೆ ಓದು. ಕುದಿಸಿ ಆರಿಸಿದ ನೀರನ್ನು ಮಂಜಿನಷ್ಟು ಸಣ್ಣಗೆ ಚಿಮುಕಿಸಿ, ಪ್ರತಿ ಚೂರಿನ ಮೇಲೂ ತೆಳು ಪದರ ನಿಲ್ಲಿಸು. ಗಾಜು ಮುಚ್ಚಿಬಿಡು, ಒರೆಸಬೇಡ. ಕೆಲವು ವಾರ ಬಿಟ್ಟು ಬಿಟ್ಟು ಹಾಗೇ ಮಾಡು.

ಹಾಕಿದೆಯಾ? ಇನ್ನು ಕೂತು ಬೈಸಿಕೋ. ಹೇಳಿದ ಮಾತು ಕೇಳುವ ಬುದ್ಧಿ ನಿನಗೆ ಹುಟ್ಟಿದಾಗಿನಿಂದ ಇರಲಿಲ್ಲ, ಈ ಒಂದು ವಿಷಯದಲ್ಲಿ ಎಲ್ಲಿಂದ ಬಂತು? ನೀರು ಹಾಕಬೇಡ ಎಂದದ್ದು ಪುಡಿಗೆ. ಹಸಿರಾದ ಮೇಲೆ ಅವಕ್ಕೆ ನೀರು ಬೇಕೇ ಬೇಕು. ಜರಿಗಿಡದ ಪುಡಿಯಿಂದ ನೇರ ಜರಿಗಿಡ ಹುಟ್ಟುವುದಿಲ್ಲ, ಹುಟ್ಟುವುದು ಈ ಚೂರು. ಇದೊಂದು ಬೇರೆಯೇ ಜನ್ಮ. ಇದರ ಅಡಿಯಲ್ಲಿ ಒಂದು ಕಡೆ ಹೆಣ್ಣು, ಇನ್ನೊಂದು ಕಡೆ ಗಂಡು. ಗಂಡಿನ ಕಣಕ್ಕೆ ಬಾಲವಿದೆ, ಅದು ಈಜಿಕೊಂಡು ಹೋಗಿ ಹೆಣ್ಣನ್ನು ಸೇರಬೇಕು. ಇಲ್ಲಿ ದುಂಬಿ ಬರುವುದಿಲ್ಲ, ಗಾಳಿ ಕೆಲಸಕ್ಕೆ ಬರುವುದಿಲ್ಲ. ಈಜಲು ನೀರಿನ ಪದರ ಇಲ್ಲದಿದ್ದರೆ ಒಂದರ ಪಕ್ಕ ಒಂದು ಮಲಗಿ ಆಯಸ್ಸು ಕಳೆಯುತ್ತವೆ. ಮೈಗೆ ಮೈ ತಾಗಿದ್ದರೂ ಸೇರಲಾರವು. ಸೇರಿದರೆ ಮಾತ್ರ ಅಲ್ಲಿಂದ ನಿಜವಾದ ಜರಿಗಿಡ ಏಳುತ್ತದೆ.

ಹಸಿರು ಕಂಡರೆ ಬರಿ ಎಂದದ್ದು ಇದನ್ನು ಹೇಳಲೆಂದು. ಆಗಲೇ ಎಲ್ಲ ಬರೆದರೆ ನೀನು ಗಲಿಬಿಲಿ ಮಾಡಿಕೊಳ್ಳುತ್ತೀಯ ಎಂದು ಅರ್ಧ ಉಳಿಸಿಕೊಂಡೆ. ಆಮೇಲೆ ನಿನ್ನ ಮನಸ್ಸು ನೋಯಿಸಬಾರದೆಂದು ಕೇಳುವುದನ್ನೇ ಬಿಟ್ಟೆ. ನೀನು ನನ್ನನ್ನು ಸಂತೋಷಪಡಿಸಲೆಂದು ಹೇಳಲಿಲ್ಲ. ನಮ್ಮಿಬ್ಬರ ಒಳ್ಳೆಯತನಕ್ಕೆ ಬೆಂಕಿ ಹಾಕ.

ಹೇಗಾಯಿತು, ಬರಿ. ಒಂದು ಚೂರು ಬಾಡಿದರೂ ಬರಿ.

ಅಕ್ಕ


೨೯ ಮೇ ೧೯೯೪

ಅಕ್ಕಾ,

ನಿನಗೆ ಬೇಗ ತಿಳಿಸಬೇಕೆಂದು ಅಂಗಡಿಯಲ್ಲೇ ಬರೆಯುತ್ತಿದ್ದೇನೆ. ಇವತ್ತು ಒಂದು ಚೂರಿನ ಸೀಳಿನ ಹತ್ತಿರದಿಂದ ದಾರದಂಥ ಹಸಿರು ಎದ್ದಿದೆ. ತುದಿ ಸುರುಳಿ. ಭೂತಗನ್ನಡಿಯ ಕೆಳಗೆ ಪಕ್ಕದ್ದರಲ್ಲೂ ಒಂದು ಮೊಳಕೆ ಕಂಡಿತು. ಬಹಳ ಚೂರುಗಳು ಸತ್ತವು, ಅದನ್ನೂ ಬರೆಯುತ್ತಿದ್ದೇನೆ. ಉಳಿದವಕ್ಕೆ ನೀರು ಚಿಮುಕಿಸುತ್ತಿದ್ದೇನೆ, ಗಾಜು ಮಬ್ಬಾಗಿದೆ, ನಾನು ಒರೆಸುತ್ತಿಲ್ಲ. ನನಗೆ ಅದು ಎಷ್ಟು ಕಷ್ಟ ಎಂದು ದೇವರಿಗೇ ಗೊತ್ತು.

ತಂಗಿ


೮ ಜನವರಿ ೧೯೯೫

ಅಕ್ಕಾ,

ಅಂತೂ ಕಳಿಸುತ್ತಿದ್ದೇನೆ. ಎರಡು ಹಾಳೆಗಳ ನಡುವೆ ಒತ್ತಿ ಇಟ್ಟಿದ್ದೇನೆ, ನಿಧಾನವಾಗಿ ಬಿಡಿಸು. ಮೂರು ಗಿಡ ಉಳಿದಿವೆ, ಮೂರೂ ಒಂದೇ ಅಚ್ಚಿನವು. ನೀನು ಕೇಳಿದಾಗಲೆಲ್ಲ ಇನ್ನೂ ಚಿಕ್ಕವು ಎನ್ನುತ್ತಿದ್ದೆ. ಈಗ ಚಿಕ್ಕವಲ್ಲ. ಈ ಎಲೆ ನನ್ನ ಅಂಗೈಗಿಂತ ಉದ್ದವಿದೆ, ದಂಟು ಕಪ್ಪು, ನುಣುಪು, ಮಸೂರದ ಅಂಚಿನ ಹಾಗೆ ಹೊಳೆಯುತ್ತದೆ. ಬಿಳಿ ಕೂದಲು ಇನ್ನೂ ಬಂದಿಲ್ಲ. ಎಳೆಯದಲ್ಲವೇ, ನರೆ ಆಮೇಲೆ ಬರುತ್ತದೆ ಎಂದುಕೊಂಡಿದ್ದೇನೆ.

ನಿನ್ನ ಮುದುಕಿಯನ್ನು ನಿನಗೆ ಮರಳಿಸಿದೆ, ಅಕ್ಕಾ. ಇನ್ನು ನನ್ನನ್ನು ನೋಡಿದಾಗ ನಿನಗೆ ಆ ವಾರ ನೆನಪಾಗದಿರಲಿ. ಇಷ್ಟು ದಿನ ನನಗೆ ಬೇಕಿದ್ದದ್ದು ಇಷ್ಟೇ.

ತಂಗಿ


೧೭ ಜನವರಿ ೧೯೯೫

ಬುಡ್ಡಿ,

ಮೊದಲು "ಹೌದು, ಅವಳೇ" ಎಂದು ಬರೆದೆ. ಲಕೋಟೆಗೆ ಅಂಟೂ ಹಚ್ಚಿದೆ. ಆಮೇಲೆ ಹರಿದುಹಾಕಿದೆ. ಒಬ್ಬರನ್ನೊಬ್ಬರು ನೋಯಿಸಬಾರದೆಂದು ಬಾಯಿ ಮುಚ್ಚಿಕೊಂಡು ನಾವು ಕಳೆದ ಒಂದು ವರ್ಷ ಸಾಕು.

ಇದು ಮುದುಕಿಯಲ್ಲ. ಅವಳ ಪ್ರತಿ ಎಲೆಗೂ ಹುಟ್ಟುವಾಗಲೇ ಬಿಳಿ ಕೂದಲು ಇರುತ್ತಿತ್ತು, ಎಲೆ ಬೆಳೆದಂತೆ ಅದು ಉದುರುತ್ತಿತ್ತು. ನೀನು ಕಳಿಸಿದ್ದು ಗಾಜಿನ ಮನೆಯ ಪ್ರತಿ ಮೇಜಿನ ಅಡಿಯಲ್ಲಿ, ಇಟ್ಟಿಗೆಯ ಸಂದಿಯಲ್ಲಿ ತಾನಾಗಿ ಬೆಳೆಯುತ್ತಿದ್ದ ಕಳೆ ಜರಿ. ಅದರ ಪುಡಿ ಅಲ್ಲಿನ ಗಾಳಿಯಲ್ಲೇ ಇರುತ್ತಿತ್ತು, ನನ್ನ ಕೂದಲಲ್ಲಿ, ಸೀರೆಯ ಮಡಿಕೆಯಲ್ಲಿ. ಮುದುಕಿಯ ಎಲೆ ಹರಡಿದ ಕಾಗದದ ಮೇಲೂ ಅದೇ ಬಿದ್ದಿರಬೇಕು. ಮುದುಕಿಯ ಪುಡಿ ಹಿಮಕ್ಕೆ ಸತ್ತಿತ್ತು, ಇದರದ್ದು ಬದುಕಿತ್ತು. ಚೂರಾಗಿದ್ದಾಗ ಎಲ್ಲ ಜರಿಯೂ ಒಂದೇ ತರಹ, ನೀನು ಆಗಲೇ ತೋರಿಸಿದ್ದರೂ ನನಗೆ ಗುರುತು ಸಿಗುತ್ತಿರಲಿಲ್ಲ. ಇದರಲ್ಲಿ ನಿನ್ನ ತಪ್ಪು ಒಂದು ಸಾಸಿವೆಯಷ್ಟೂ ಇಲ್ಲ.

ಮುದುಕಿ ಹೋದಳು. ಭೂಮಿಯ ಮೇಲೆ ಎಲ್ಲೂ ಇಲ್ಲ. ಇದನ್ನು ಬರೆಯಲು ನನಗೆ ಇಡೀ ದಿನ ಬೇಕಾಯಿತು. ಬರೆದು ಅತ್ತೆ, ಆಮೇಲೆ ಎದ್ದು ಅನ್ನಕ್ಕಿಟ್ಟೆ.

ಆ ವಾರ ನೆನಪಾಗದಿರಲಿ ಎಂದಿದ್ದೀಯ. ನೆನಪಾಗುತ್ತದೆ. ನೀನು ಕಣ್ಣು ಬಿಟ್ಟದ್ದೂ ಅದೇ ವಾರದಲ್ಲಿ. ಡಿಗ್ರಿ ಎಷ್ಟು ಎಂದು ಕೇಳಿದ್ದು ನಿಜ, ಕಿಟಕಿ ನೋಡಿದ್ದೂ ನಿಜ. ಆದರೆ ಎದ್ದು ಹೋಗಲಿಲ್ಲ. ನಿನ್ನನ್ನು ಬಿಟ್ಟು ಅವಳನ್ನು ಉಳಿಸಿಕೊಳ್ಳುವ ಅವಕಾಶ ಈಗ ಮತ್ತೆ ಸಿಕ್ಕರೂ ಅಲ್ಲೇ ಕೂತಿರುತ್ತೇನೆ. ನೀನು ನನಗೆ ಏನನ್ನೂ ಮರಳಿಸಬೇಕಾಗಿಲ್ಲ.

ಆ ಮೂರು ಗಿಡಗಳನ್ನು ಕೀಳಬೇಡ. ಮೂವತ್ತು ವರ್ಷ ಅವನ್ನು ಹಿಡಿಹಿಡಿಯಾಗಿ ಕಿತ್ತು ತಿಪ್ಪೆಗೆ ಎಸೆದಿದ್ದೇನೆ, ಒಂದನ್ನೂ ಕೂತು ನೋಡಿದವಳಲ್ಲ. ನಿನ್ನ ಪಕ್ಕ ಕೂತು ನೋಡುತ್ತೇನೆ.

ಇಪ್ಪತ್ತೆಂಟನೇ ತಾರೀಕು ಮಧ್ಯಾಹ್ನದ ರೈಲಿಗೆ ಬರುತ್ತಿದ್ದೇನೆ. ಅಂಗಡಿಗೆ ಅರ್ಧ ದಿನ ಬೀಗ ಹಾಕು. ಹೋದ ಸಲ ಆಸ್ಪತ್ರೆಯಿಂದ ನೇರ ನಿಲ್ದಾಣಕ್ಕೆ ಓಡಿದವಳು ನಾನು. ನಿನ್ನ ವಿಳಾಸ ಇಷ್ಟು ವರ್ಷ ಲಕೋಟೆಗಳ ಮೇಲೆ ಬರೆದು ಬರೆದು ಬಾಯಿಪಾಠವಾಗಿದೆ, ಮನೆಯ ದಾರಿ ಮಾತ್ರ ಗೊತ್ತಿಲ್ಲ. ನಿಲ್ದಾಣಕ್ಕೆ ಬಂದು ನನ್ನನ್ನು ಕರೆದುಕೊಂಡು ಹೋಗು.

ಅಕ್ಕ